ಬೂದು ಬಣ್ಣದ ಗೋಡೆ, ಅಮ್ಮನ ಕತ್ತು

ನಮಸ್ಕಾರ ಕೇಳುಗರೇ.

ಮನೆಯೊಳಗೆ ಕೂತವರ ಚಿತ್ರ ಬರೆಯಲು ನಾನು ಮೊದಲ ಸಲ ಹೊರಟಾಗ ಡಬ್ಬಿಯಲ್ಲಿದ್ದ ಹನ್ನೆರಡೂ ಟ್ಯೂಬು ಹಿಂಡಿಬಿಟ್ಟಿದ್ದೆ. ಅಮ್ಮ ಕಿಟಕಿ ಪಕ್ಕ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ಸೀರೆಗೆ ಗಿಳಿ ಹಸಿರು, ಗೋಡೆಗೆ ನೀಲಿ, ಕೆನ್ನೆಗೆ ಕೆಂಪು ಬಳಿದೆ. ಕೊನೆಗೆ ನೋಡಿದರೆ ಬಣ್ಣಗಳಷ್ಟೇ ಇದ್ದವು, ಅಮ್ಮ ಎಲ್ಲೂ ಇರಲಿಲ್ಲ.

ಆಮೇಲೆ ಡೆನ್ಮಾರ್ಕಿನ ವಿಲ್‌ಹೆಲ್ಮ್ ಹ್ಯಾಮರ್ಸ್‌ಹೊಯ್ ಅವರ ಚಿತ್ರಗಳು ಕಣ್ಣಿಗೆ ಬಿದ್ದವು. 1898ರಿಂದ 1909ರವರೆಗೆ ಅವರು ಕೋಪನ್‌ಹೇಗನ್‌ನ ಸ್ಟ್ರಾಂಡ್‌ಗೇಡ್ ಬೀದಿಯ 30ನೇ ನಂಬರಿನ ಮನೆಯಲ್ಲಿದ್ದರು. ಅದೇ ಕೋಣೆಗಳನ್ನು ಮತ್ತೆ ಮತ್ತೆ ಬರೆದರು. ಬೂದು ಗೋಡೆ, ಬಿಳಿ ಬಾಗಿಲು, ಕಪ್ಪು ಉಡುಪಿನಲ್ಲಿ ಹೆಂಡತಿ ಈಡಾ, ಎಷ್ಟೋ ಸಲ ನಮಗೆ ಬೆನ್ನು ಮಾಡಿ. ಬಣ್ಣವೇ ಇಲ್ಲವಲ್ಲ ಅನಿಸುತ್ತದೆ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಇರಿ. ಅಷ್ಟು ಬೂದಿನ ನಡುವೆ ಆಕೆಯ ಕತ್ತಿನ ಹಿಂಭಾಗ ಮಾತ್ರ ಬೆಚ್ಚಗೆ ಹೊಳೆಯುತ್ತದೆ. ನನಗೆ ಅದೇ ಪಾಠವಾಯಿತು.

ಕಲಿಯುವವರಿಗೆ ನಾಲ್ಕು ಬಣ್ಣ ಸಾಕು. ಬಿಳಿ, ಯೆಲ್ಲೋ ಓಕರ್ ಅನ್ನುವ ಮಣ್ಣು ಹಳದಿ, ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್ ಅನ್ನುವ ಕಪ್ಪು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಜೋಡಣೆ ಇದು. ವರ್ಮಿಲಿಯನ್‌ನಲ್ಲಿ ಪಾದರಸವಿದೆ, ಹಾಗಾಗಿ ಈಗ ಹೆಚ್ಚಿನವರು ಅದರ ಬದಲು ಕ್ಯಾಡ್ಮಿಯಂ ರೆಡ್ ಲೈಟ್ ಅನ್ನುವ ಕೆಂಪು ಇಟ್ಟುಕೊಳ್ಳುತ್ತಾರೆ. ನೀಲಿ ಎಲ್ಲಿ ಅಂತೀರಾ? ಕಪ್ಪಿಗೆ ಬಿಳಿ ಬೆರೆಸಿ, ಓಕರ್ ಪಕ್ಕ ಹಚ್ಚಿ ನೋಡಿ. ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ! ಕಪ್ಪಿಗೆ ಓಕರ್ ಬೆರೆಸಿದರೆ ಮಂಕು ಹಸಿರು. ಅಮ್ಮನ ಸೀರೆಗೆ ಈಗ ನಾನು ಹಚ್ಚುವುದು ಅದನ್ನೇ.

ಮೊದಲು ಗೋಡೆಯ ಬೂದನ್ನು ಒಂದು ದೊಡ್ಡ ಗುಡ್ಡೆ ಕಲಸಿಟ್ಟುಕೊಳ್ಳಿ. ಮೈಬಣ್ಣಕ್ಕೂ ಬಟ್ಟೆಗೂ ಅದರಿಂದಲೇ ಚೂರು ಚೂರು ಬೆರೆಸಿ. ಆಗ ಕೂತವರು ಆ ಕೋಣೆಯವರೇ ಅನಿಸುತ್ತಾರೆ, ಕತ್ತರಿಸಿ ಅಂಟಿಸಿದ ಹಾಗೆ ಕಾಣುವುದಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಿವರಗಳು ಮಸುಕಾಗಿ, ಎಲ್ಲಿ ಬೆಳಕು, ಎಲ್ಲಿ ನೆರಳು ಅಂತ ಮಾತ್ರ ಉಳಿಯುತ್ತದೆ. ಅದು ಸರಿ ಬಂದರೆ ಬಣ್ಣ ಚೂರು ತಪ್ಪಿದರೂ ಚಿತ್ರ ನಿಲ್ಲುತ್ತದೆ.

ಶುದ್ಧ ಕೆಂಪನ್ನು ಕೊನೆಯವರೆಗೂ ಮುಟ್ಟಬೇಡಿ. ಅಮ್ಮನ ಚಿತ್ರದಲ್ಲಿ ನಾನು ಅದನ್ನು ಹಚ್ಚಿದ್ದು ಒಂದೇ ಕಡೆ: ಕಿಟಕಿಯ ಬೆಳಕು ಹಾದುಬರುವ ಕಿವಿಯ ಅಂಚಿಗೆ, ಒಂದು ಅಕ್ಕಿಕಾಳಿನಷ್ಟು.

ಈಗ ಮಳೆಗಾಲ. ಮೋಡ ಕವಿದ ದಿನ ಕಿಟಕಿಯ ಬೆಳಕು ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ, ಅಲ್ವಾ? ಮನೆಯಲ್ಲಿ ಯಾರನ್ನಾದರೂ ಆ ಕಿಟಕಿ ಪಕ್ಕ ಕೂರಿಸಿಕೊಂಡು ಇವತ್ತೇ ಶುರು ಮಾಡಿ. ನಮಸ್ಕಾರ.