ಕಣಜ ತುಂಬಿದ್ದರೂ ಗದ್ದೆಗಿಳಿಯುವ ಜೀವಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಲ್ಯಾಬೊಂದರಲ್ಲಿ ಬಹಳ ವರ್ಷ ರಕ್ತದ ಸ್ಲೈಡ್ ನೋಡಿದವಳು ನಾನು. ಚಳಿಜ್ವರ ಅಂತ ಬಂದವರ ಬೆರಳು ಚುಚ್ಚುತ್ತೇವೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಮಲೇರಿಯಾ ಇದ್ದರೆ ರಕ್ತಕಣದೊಳಗೆ ಪುಟ್ಟ ನೀಲಿ ಉಂಗುರ, ಅದಕ್ಕೊಂದು ಕೆಂಪು ಚುಕ್ಕೆ. ರೋಗಾಣು ಬಲಿತಿದ್ದರೆ ನಡುವೆ ಕಾಫಿಪುಡಿ ಉದುರಿದ ಹಾಗೆ ಕಂದು ಹರಳು. ಇವತ್ತು ಆ ಹರಳಿನ ವಿಷಯವೇ ಹೇಳಬೇಕು.

ನಮ್ಮ ರಕ್ತ ಕೆಂಪಗಿರುವುದು ಹೀಮ್‌ನಿಂದ. ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಪುಟ್ಟ ಅಣು ಅದು. ಮಲೇರಿಯಾ ರೋಗಾಣು ನಮ್ಮ ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದ ಮೇಲೆ ಹೀಮ್ ಮಿಕ್ಕುತ್ತದೆ. ಅದು ಬಿಡಿಯಾಗಿ ಉಳಿದರೆ ರೋಗಾಣುವಿಗೇ ವಿಷ. ಅದಕ್ಕೇ ಹರಳುಗಟ್ಟಿಸಿ ಇಟ್ಟುಬಿಡುತ್ತದೆ.

ಇಷ್ಟೊಂದು ಹೀಮ್ ಮಧ್ಯೆ ಕೂತ ಜೀವಿ ತಾನೂ ಹೀಮ್ ತಯಾರಿಸುತ್ತದೆ! ಕಣಜ ತುಂಬಿದ್ದರೂ ಗದ್ದೆಗಿಳಿದ ಹಾಗೆ. ಇದನ್ನು 1992ರಲ್ಲಿ ತೋರಿಸಿದವರು ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ. ಆದರೆ ಯಾಕೆ ಈ ದುಡಿಮೆ?

ಉತ್ತರ ಸಿಗಲು ಇಪ್ಪತ್ತು ವರ್ಷ ಹಿಡಿಯಿತು. ರೋಗಾಣುವಿನಲ್ಲಿ ಹೀಮ್ ತಯಾರಿಸುವ ಜೀನನ್ನೇ ಪದ್ಮನಾಭನ್ ಅವರ ಬಳಗ ತೆಗೆದುಹಾಕಿ ನೋಡಿತು. ರಕ್ತದಲ್ಲಿ ರೋಗಾಣು ಆರಾಮಾಗಿ ಬೆಳೆಯಿತು. ಅಲ್ಲಿ ನಮ್ಮ ಹೀಮ್ ಇದೆಯಲ್ಲ! ಸೊಳ್ಳೆಯ ಮೈಯೊಳಗೆ ಮಾತ್ರ ಸೊರಗಿತು. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಹೋಗುವ ಲಿವರ್‌ನಲ್ಲೂ ಅಷ್ಟೇ, ಮುಂದೆ ಬೆಳೆಯಲಿಲ್ಲ. ಅಲ್ಲಿ ಸ್ವಂತ ಬೆಳೆಯೇ ಗತಿ. 2013ರಲ್ಲಿ ಇದು ಪ್ರಕಟವಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ದಿನಾ ಕಣ್ಣೆದುರು ಕಂಡ ಹರಳಿನ ಹಿಂದೆ ಇಷ್ಟು ದೊಡ್ಡ ಕಥೆ ಇತ್ತು, ಅಲ್ವಾ?

ಆ ಬಳಗದಲ್ಲಿದ್ದ ಅರುಣ್ ನಾಗರಾಜ್ ಭುವನೇಶ್ವರದಲ್ಲಿ ಕೆಲಸ ಮುಂದುವರಿಸಿದರು. ಮಲೇರಿಯಾ ಮೆದುಳಿಗೆ ಏರಿದರೆ ಜೀವಕ್ಕೇ ಅಪಾಯ. ರಕ್ತದಲ್ಲಿ ಬೆಳೆಯಲು ಬೇಡವಾದ ಆ ಸ್ವಂತ ಹೀಮ್ ಮೆದುಳಿನ ಮಲೇರಿಯಾವನ್ನು ಜಾಸ್ತಿ ಮಾಡುತ್ತದೆ ಎಂದು 2022ರಲ್ಲಿ ಅವರ ತಂಡ ಇಲಿಗಳಲ್ಲಿ ಕಂಡಿತು. ಹುಳುಕಡ್ಡಿಗೆ ಕೊಡುವ ಹಳೇ ಮಾತ್ರೆ ಗ್ರೈಸಿಯೋಫಲ್ವಿನ್ ಹೀಮ್ ತಯಾರಿಕೆಗೆ ಅಡ್ಡ ಬರುತ್ತದೆ. ಅದನ್ನು ಕೊಟ್ಟಾಗ ಇಲಿಗಳಿಗೆ ಮೆದುಳಿನ ಮಲೇರಿಯಾದಿಂದ ರಕ್ಷಣೆ ಸಿಕ್ಕಿತು.

ಇದು ಇಲಿಗಳ ಮಾತು, ನೆನಪಿರಲಿ. ಚಳಿಜ್ವರ ಬಂದರೆ ಸುಮ್ನೆ ಆ ಮಾತ್ರೆ ತಂದು ನುಂಗಬೇಡಿ. ಮೊದಲು ಬೆರಳು ಚುಚ್ಚಿಸಿಕೊಳ್ಳಿ. ಒಂದು ಹನಿ ಸಾಕು, ಉಂಗುರ ಇದ್ದರೆ ಸಾಮಾನ್ಯವಾಗಿ ಕಂಡುಬಿಡುತ್ತದೆ.