ಇಂಕ್‌ಸ್ಕೇಪ್ 0.92: ಅರ್ಧಾ ಗೋಪುರ ಬರೀರಿ, ಪೂರಾ ಕಸೂತಿ ತಗೀರಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ನೋಡೋದು ಇಂಕ್‌ಸ್ಕೇಪ್ 0.92, ಕಂಪ್ಯೂಟರ್‌ದಾಗ ಗೆರಿ ಚಿತ್ರ, ಡಿಸೈನ್ ಬರ್ಯೋ ಸಾಫ್ಟ್‌ವೇರ್, 2017ರ ಜನವರಿಯೊಳಗ ಬಂದಿದ್ದು. ಹಳೇ ವರ್ಶನ್ ಅಲ್ಲೇನ್ರಿ ಅಂತೀರಿ, ಖರೇ, ಆದ್ರ ಹುಬ್ಬಳ್ಳಿಯೊಳಗ ನಮ್ಮ ಸ್ಟಿಕರ್ ಕಟಿಂಗ್ ಅಂಗಡಿ ಸಿಸ್ಟಮ್‌ದಾಗ ಇವತ್ತಿಗೂ ಇದ ಓಡಾಕತ್ತೈತಿ, ಫ್ರೀ ಐತಿ, ಕನ್ನಡ ಯೂನಿಕೋಡ್ ಹೊಡದ್ರ ಒತ್ತಕ್ಷರ ಒಡೀದಂಗ ಬರ್ತಾವು, ಮತ್ತ ನಂಗ ದಿನಾ ಬೇಕಾಗೋ ಕೆಲವು ಫೀಚರ್ ಬಂದಿದ್ದ ಈ ವರ್ಶನ್‌ದಾಗ.

[ಸ್ಕ್ರೀನ್: ಗ್ರಿಡ್ ಮ್ಯಾಲ ಅರ್ಧಾ ಗೋಪುರ]

ಮೊದಲ ಮಿರರ್ ಸಿಮೆಟ್ರಿ. ಧಾರವಾಡ ಕಸೂತಿ ಗೋಪುರ ನೋಡಿರ್ತೀರಲ್ಲ, ಇಳಕಲ್ ಸೀರಿ ಮ್ಯಾಲ ಹಾಕ್ತಾರ. ಎಳಿ ಎಣಿಸಿ ಹಾಕೋ ಹೊಲಿಗಿ ಅದು, ಅಡ್ಡ, ಉದ್ದ, ಓರೆ, ಅಷ್ಟ ಗೆರಿ. ಅದಕ್ಕ ಕೀಬೋರ್ಡಿನ್ಯಾಗ ಹ್ಯಾಶ್ ಒತ್ತಿ ಗ್ರಿಡ್ ಹಚ್ಚರಿ, ಒಂದು ಚೌಕ ಅಂದ್ರ ಒಂದು ಹೊಲಿಗಿ ಅಂತ ಹಿಡೀರಿ. ಪೆನ್ ಟೂಲ್ ತಗೊಂಡು ಗೋಪುರದ ಎಡಗಡೆ ಅರ್ಧಾ ಅಷ್ಟ ಬರೀರಿ, ಮುರ್ಗಿ ಹೊಲಿಗಿ ಮೆಟ್ಲ ಮೆಟ್ಲ ಏರ್ತೈತಲ್ಲ ಹಂಗ. ಈಗ ಕಂಟ್ರೋಲ್ ಶಿಫ್ಟ್ 7 ಒತ್ರಿ, ಪಾತ್ ಇಫೆಕ್ಟ್ಸ್ ತೆರೀತೈತಿ, ಪ್ಲಸ್ ಒತ್ತಿ ಮಿರರ್ ಸಿಮೆಟ್ರಿ ಆರಿಸ್ರಿ. ಬಲಗಡೆ ಅರ್ಧಾ ತಾನ ಬಂತು ನೋಡ್ರಿ! ಇಷ್ಟಕ್ಕ ಮುಗೀಲಿಲ್ಲ, ಎಡಗಡೆ ಒಂದು ನೋಡ್, ಅಂದ್ರ ಗೆರಿ ಮ್ಯಾಲಿನ ಚುಕ್ಕಿ, ಜಗ್ಗಿದ್ರ ಬಲಗಡೆನೂ ಕೂಡೇ ಸರೀತೈತಿ, ಮೊದಲಿನಂಗ ಕಾಪಿ ಮಾಡಿ ಫ್ಲಿಪ್ ಮಾಡಿ ಹೊಂದ್ಸಿ, ಆಮ್ಯಾಲ ಒಂದು ಮೆಟ್ಲ ತಪ್ಪೈತಿ ಅಂತ ಹೊಳ್ಳಿ ಎಲ್ಲಾ ಮಾಡೋ ಕೆಲಸಾನ ಇಲ್ಲ. ನಂಗ ಈ ವರ್ಶನ್‌ದಾಗ ಭಾಳ ಮನಸಿಗೆ ಬಂದಿದ್ದು ಇದ. ಕಟಿಂಗ್‌ಗೆ ಕಳ್ಸೋಕ್ಕಿಂತ ಮೊದಲ ಕಂಟ್ರೋಲ್ ಶಿಫ್ಟ್ ಸಿ ಒತ್ತಿ ಆಬ್ಜೆಕ್ಟ್ ಟು ಪಾತ್ ಮಾಡ್ಕೋರಿ, ಅಂದ್ರ ಮಿರರ್ ಇಫೆಕ್ಟ್ ಹೋಗಿ ಪಕ್ಕಾ ಗೆರಿ ಆಗ್ತೈತಿ, ಅದಕ್ಕ ಮೊದಲಿನ ಒಂದು ಕಾಪಿ ಬ್ಯಾರೆ ಇಟ್ಕೊಂಡು.

ರೊಟೇಟ್ ಕಾಪೀಸ್ ಅಂತ ಇನ್ನೊಂದೈತಿ, ಒಂದು ಎಸಳು ಬರದ್ರ ರಂಗೋಲಿ ಸುತ್ತೂಕಡೆ ತುಂಬ್ತೈತಿ. ಆಬ್ಜೆಕ್ಟ್ಸ್ ಪ್ಯಾನಲ್‌ದಾಗ ಒಂದೊಂದ ತುಣುಕಿಗೂ ಹೆಸರಿಟ್ಟು, ಮುಚ್ಚಿ, ಲಾಕ್ ಮಾಡಬಹುದು. ಮೆಶ್ ಗ್ರೇಡಿಯಂಟ್‌ನೂ ಬಂತು, ಮಾವಿನಹಣ್ಣಿನ ಬಣ್ಣದಂಗ ಒಂದರಾಗೊಂದು ಕೂಡೋ ಶೇಡ್ ಅದರಾಗ ಚಲೋ ಬರ್ತೈತಿ, ಆದ್ರ ಬ್ರೌಸರ್‌ದಾಗ ಕಾಣಂಗಿಲ್ಲ, ಪಿಎನ್‌ಜಿ, ಅಂದ್ರ ಫೋಟೋದಂಥಾ ಇಮೇಜ್ ಫೈಲ್, ಮಾಡಿ ಕೊಡ್ರಿ.

[ಸ್ಕ್ರೀನ್: ಹಳೇ ಫೈಲ್ ತೆರೆದಾಗ ಬರೋ ಡೈಲಾಗ್]

ಈಗ ಸಾವಕಾಶ ಕೇಳ್ರಿ. ಹಳೇ ವರ್ಶನ್‌ದಾಗ ಒಂದು ಇಂಚಿಗೆ 90 ಪಿಕ್ಸೆಲ್ ಇತ್ತು, 0.92ರಾಗ 96 ಆತು, ಯಾಕಂದ್ರ ವೆಬ್ ಪುಟದ ಅಂದ-ಅಳತಿ ಹೇಳೋ ಸಿಎಸ್‌ಎಸ್ ಭಾಷೆ ಲೆಕ್ಕ 96. ಸೀರಿ ಅಂಗಡಿ ಗಾಜಿನ ಬಾಗಿಲಿಗೆ 12 ಇಂಚಿನ ಕಸೂತಿ ಪಟ್ಟಿ ಹಳೇ ಫೈಲ್‌ದಾಗಿತ್ತು, ತೆರೆದಾಗ ಈ ಡೈಲಾಗ್ ಏನೋ ಕೇಳಿತು, ನಾ ಓದದ ಓಕೆ ಒತ್ತಿ ಕಟ್ ಮಾಡಿ ಬಾಗಿಲಿಗೆ ಹಿಡದ್ರ ಮುಕ್ಕಾಲು ಇಂಚು ಕಡಿಮಿ! 12 ಇಂಚು, ಅಂದ್ರ ಹಳೇ ಲೆಕ್ಕದ 1080 ಪಿಕ್ಸೆಲ್, 96ರ ಲೆಕ್ಕದಾಗ 11.25 ಆಗಿತ್ತು, ವಿನೈಲ್ (ಸ್ಟಿಕರ್ ಹಾಳಿ) ಪೂರಾ ಹಾಳಾತು. ಅಲ್ಲೆ ಕೇಳಿದ್ದು ಏನಂದ್ರ, ಈ ಫೈಲ್ ಸ್ಕ್ರೀನ್ ಮ್ಯಾಲ ನೋಡಾಕೋ, ಪೇಪರ್‌ನಂಥಾ ವಸ್ತು ಮ್ಯಾಲ ತಗ್ಯಾಕೋ ಅಂತ. ನಮ್ಮಂಥಾ ಪ್ರಿಂಟಿಂಗ್, ಕಟಿಂಗ್ ಮಂದಿ ಎರಡನೇದ್ದ ಆರಿಸಬೇಕ್ರಿ, ಕೆಳಗ ಬ್ಯಾಕಪ್ ಟಿಕ್ ಇರ್ತೈತಿ, ಅದನ್ನ ತಗೀಬ್ಯಾಡ್ರಿ. ಫೈಲ್ ತೆರೆದ ಕೂಡ್ಲೆ ಡಿಸೈನ್ ಸೆಲೆಕ್ಟ್ ಮಾಡಿ, ಮ್ಯಾಲಿನ ಪಟ್ಟ್ಯಾಗ ಯೂನಿಟ್ ಇಂಚಿಗೆ ಇಟ್ಟು ಅಗಲ ನೋಡ್ರಿ, 12 ಅಂತ ಕಂಡ ಮ್ಯಾಲ ಮಷಿನಿಗೆ ವಿನೈಲ್ ಹಾಕ್ರಿ.