ನೋವಿದೆ ಎಂದಾಗ ನಂಬುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ತಿಂಗಳು ದಾಟಿಯೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಮಂಡಿ, ಸೊಂಟ, ಭುಜ. ಬರೀ ಮಾತ್ರೆಗೆ ಬಗ್ಗುವ ನೋವಲ್ಲ ಇದು. ಜೊತೆಯಲ್ಲಿಟ್ಟುಕೊಂಡೇ ದಿನ ನಡೆಸುವುದನ್ನು ಕಲಿಯಬೇಕು. ಅಮೆರಿಕದ ಡೆಟ್ರಾಯಿಟ್ ನಗರದ ಕಪ್ಪು ಜನಾಂಗದ ಹಿರಿಯರಿಗೆ ಈ ಕಲಿಕೆ ಮುಟ್ಟಿದ ಬಗೆಯನ್ನು ಇವತ್ತು ಹೇಳುತ್ತೇನೆ.

ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಬಂದು ಕಾರು ಕಾರ್ಖಾನೆಗಳಲ್ಲಿ ನಿಂತೇ ದುಡಿದ ಕುಟುಂಬಗಳ ಊರು ಅದು. ದುಡಿದ ಮೈ ನೋಯುತ್ತದೆ, ಸರಿ. ಆದರೆ ನೋವನ್ನು ಹೇಳಿಕೊಂಡಾಗ ಎದುರಿನವರು ನಂಬಬೇಕಲ್ಲ? 2016ರಲ್ಲಿ ವರ್ಜೀನಿಯಾದ ಸಂಶೋಧಕರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನಿಸಿದರು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಿಜವೆಂದುಕೊಂಡವರು ಸುಮಾರು ಅರ್ಧದಷ್ಟು! ಅಂಥವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜು ಮಾಡಿದ್ದರು. ಇದಕ್ಕೂ ಹಿಂದಿನ ಗಾಯ ಟಸ್ಕೀಗಿ ಎಂಬ ಊರಿನದು. 1932ರಿಂದ 1972ರವರೆಗೆ ಅಲಬಾಮಾ ರಾಜ್ಯದ ಆ ಊರಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಗಂಡಸರಿಗೆ, ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ, ಸರ್ಕಾರದ ಆರೋಗ್ಯ ಇಲಾಖೆಯೇ ಚಿಕಿತ್ಸೆ ಕೊಡದೆ ನೋಡುತ್ತ ಕೂತಿತ್ತು. ಇಂಥ ನೆನಪಿರುವ ಮನೆಗೆ ಕರಪತ್ರ ಹಿಡಿದು ಹೋದರೆ ಯಾರು ಕಿವಿಗೊಡುತ್ತಾರೆ?

ಮಿಷಿಗನ್ ವಿಶ್ವವಿದ್ಯಾಲಯದವರು 'ಸ್ಟೆಪ್ಸ್' ಎಂಬ ಕಾರ್ಯಕ್ರಮದಲ್ಲಿ ಬೇರೆ ದಾರಿ ಹಿಡಿದರು. ಏಳು ವಾರ. ಚಿಕ್ಕ ಚಿಕ್ಕ ವಿಡಿಯೋ, ಕೈಗೆ ಹೆಜ್ಜೆ ಎಣಿಸುವ ಪಟ್ಟಿ, ಜೊತೆಗೆ ಸಮುದಾಯದ ಆರೋಗ್ಯ ಕಾರ್ಯಕರ್ತೆಯ ಫೋನ್. ನನ್ನ ಪ್ರಕಾರ ಜೀವಾಳ ಆ ಫೋನೇ.

ಒಬ್ಬ ಅಜ್ಜಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಭಾನುವಾರ ಚರ್ಚ್ ಮುಗಿದ ಮೇಲೆ ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಕೊಲಾರ್ಡ್ ಸೊಪ್ಪು ಆಗಲೇಬೇಕು. ಅಗಲವಾದ ಎಲೆ, ಮಡಿಕೆಯಲ್ಲೆಲ್ಲ ಮಣ್ಣು. ಮೂರು ನೀರು ತೊಳೆದು, ದಪ್ಪ ದಂಟು ಸೀಳಿ ತೆಗೆಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಸೋಮವಾರ ಹಾಸಿಗೆಯೇ ಗತಿ. 'ಅಡುಗೆ ಬಿಟ್ಟುಬಿಡಿ' ಎಂದರೆ ಅಜ್ಜಿ ಫೋನಿಟ್ಟುಬಿಡುತ್ತಾಳೆ. ಸೊಪ್ಪನ್ನು ಶನಿವಾರವೇ ಕುರ್ಚಿಯಲ್ಲಿ ಕೂತು ಬಿಡಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದರೆ ಮಾತು ಒಳಗಿಳಿಯುತ್ತದೆ. ಮೈ ಕೈಕೊಡುವ ಮುಂಚೆಯೇ ವಿರಾಮ. ಕೆಲಸಕ್ಕೆ ಲಯ ಕೂಡಿಸುವುದೆಂದರೆ ಇದೇ. ಪ್ರಾರ್ಥನೆಯಿಂದ ನೆಮ್ಮದಿ ಸಿಗುವುದಾದರೆ ಅದೂ ಚಿಕಿತ್ಸೆಯ ಪಕ್ಕದಲ್ಲೇ ಇರಲಿ.

ಆದರೆ ಒಂದು ಮಾತು. ಸ್ವಯಂ ನಿರ್ವಹಣೆ, ಅಂದರೆ ನೋವನ್ನು ನೀವೇ ನಿಭಾಯಿಸಿಕೊಳ್ಳಿ, ಎಂದು ಹೇಳಿ ವೈದ್ಯರು ಕೈತೊಳೆದುಕೊಳ್ಳಬಾರದು. ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಅಜ್ಜಿ ಅಲ್ಲಿ ಬಾಯಿಬಿಟ್ಟು ಹೇಳಿದ್ದನ್ನು, ಮೇಜಿನಾಚೆ ಕೂತವರು ಮೊದಲ ಸಲಕ್ಕೇ ನಂಬಬೇಕು.

ನಮಸ್ಕಾರ.